ಐವತ್ತಕ್ಕೆ ಏಳು

ಒಂದನೇ ಕ್ಲಾಸಿನಿಂದ ಹೈಸ್ಕೂಲಿನ ಕೊನೆಯ ವರ್ಷದವರೆಗೆ ಒಮ್ಮೆಯೂ ತಪ್ಪದೆ ಮೊದಲ ಸ್ಥಾನದಲ್ಲಿ ಬಂದದ್ದರಿಂದ ಊರಿನವರು ಅವಳನ್ನು ಫಸ್ಟು ಎಂದೇ ಕರೆಯುತ್ತಿದ್ದರು. ಫಸ್ಟು ಬಂದಳು, ಫಸ್ಟಿಗೆ ನೆಗಡಿಯಂತೆ, ಫಸ್ಟಿನ ಅಮ್ಮ ಇನ್ನೂ ಕೆಲಸದಿಂದ ಬಂದಿಲ್ಲ, ಹೀಗೆ. ಅವಳ ತರಗತಿಯಲ್ಲಿದ್ದದ್ದು ಇಪ್ಪತ್ತೆರಡು ಮಂದಿ. ಅವರಲ್ಲಿ ಆರು ಜನ ನಿದ್ದೆಗೆಂದೇ ಬರುತ್ತಿದ್ದರು, ಎಂಟು ಜನ ಪರೀಕ್ಷೆಗೆ ಮಾತ್ರ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಅವಳಿಗೂ ಗೊತ್ತಿತ್ತು. ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂಬ ಪ್ರಶ್ನೆಗೆ ಅದನ್ನು ಹದಿನಾಲ್ಕು ಸಾಲು ವಿಸ್ತರಿಸಿ ಪೂರ್ತಿ ಅಂಕ ಪಡೆದಿದ್ದಳು. ನಿಮಗೆ ಅನ್ವಯಿಸಿ ನೋಡಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿರಲಿಲ್ಲ.

ಅವಳ ಓದಿನ ವಿಧಾನ ಸರಳ. ಮೇಷ್ಟ್ರು ಪ್ರಶ್ನೆ ಬರೆಸುತ್ತಿದ್ದರು, ಉತ್ತರ ಬರೆಸುತ್ತಿದ್ದರು, ಇವಳು ಉರು ಹೊಡೆಯುತ್ತಿದ್ದಳು, ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರುತ್ತಿತ್ತು. ಎಲ್ಲರೂ ಸುಖವಾಗಿದ್ದರು. ಮೇಷ್ಟ್ರು ಬರೆಸುತ್ತಿದ್ದ ಗೈಡಿನಲ್ಲಿ ಮನುಷ್ಯನ ದೇಹದಲ್ಲಿ ಇನ್ನೂರ ಅರವತ್ತು ಮೂಳೆಗಳಿವೆ ಎಂದು ಅಚ್ಚಾಗಿತ್ತು. ಇರುವುದು ಇನ್ನೂರ ಆರು. ಅಚ್ಚಿನಮನೆಯವರ ಕೈ ತಪ್ಪಿ ಆರೂ ಸೊನ್ನೆಯೂ ಜಾಗ ಬದಲಾಯಿಸಿದ್ದವು. ಇವಳು ಇನ್ನೂರ ಅರವತ್ತು ಎಂದು ಬರೆದಳು, ಅದೇ ಗೈಡು ಇಟ್ಟುಕೊಂಡಿದ್ದ ಮೇಷ್ಟ್ರು ಸರಿ ಎಂದು ಗುರುತು ಹಾಕಿದರು. ಇಬ್ಬರ ಮೈಯಲ್ಲೂ ಮೂಳೆಗಳು ಇದ್ದವು. ಎಣಿಸಿ ನೋಡುವ ಪ್ರಮೇಯ ಮಾತ್ರ ಬರಲಿಲ್ಲ.

ಅವಳ ಅಪ್ಪನಿಗೆ ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಕಟಿಂಗ್ ಶಾಪು ಇತ್ತು. ಎರಡು ಕುರ್ಚಿ. ಒಂದರ ಮೇಲೆ ಗಿರಾಕಿ, ಇನ್ನೊಂದರ ಮೇಲೆ ಹಳೆಯ ಪತ್ರಿಕೆಗಳ ರಾಶಿ. ಮಗಳ ಅಂಕಪಟ್ಟಿಗೆ ಕಟ್ಟು ಹಾಕಿಸಿ, ಕನ್ನಡಿಯ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಕುರ್ಚಿಯಲ್ಲಿ ಕೂತವರಿಗೆ ಅದು ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುತ್ತಿದ್ದುದರಿಂದ ಓದಲು ಬರುತ್ತಿರಲಿಲ್ಲ. ಹಾಗಾಗಿ ಅಪ್ಪನೇ ಓದಿ ಹೇಳುತ್ತಿದ್ದ. ಕುತ್ತಿಗೆಯ ಮೇಲೆ ಕತ್ತಿ ಆಡುತ್ತಿರುವಾಗ ಯಾರೂ ತಲೆ ಅಲ್ಲಾಡಿಸುವಂತಿಲ್ಲ, 'ಹೂಂ' ಎನ್ನುವುದೊಂದೇ ದಾರಿ. ಹೀಗೆ ವರ್ಷಗಟ್ಟಲೆ ಇಡೀ ಊರು ಫಸ್ಟಿನ ಪ್ರತಿಭೆಗೆ ಒಕ್ಕೊರಲಿನಿಂದ ಹೂಂಗುಟ್ಟಿತ್ತು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ದಿನಕ್ಕೆ ಮುನ್ನೂರು ಬಟ್ಟೆಗಳ ಸುಕ್ಕು ತೆಗೆದವಳಿಗೆ ಮಗಳ ಅಂಕ ಕೇಳಿ ಕುಣಿಯುವಷ್ಟು ಬೆನ್ನು ಉಳಿದಿರುತ್ತಿರಲಿಲ್ಲ.

ಕಾಲೇಜು ಇದ್ದದ್ದು ನಾಲ್ಕು ಗಂಟೆಯ ಬಸ್ ದಾರಿಯಾಚೆ. ಸೀಟು ಸಿಕ್ಕಿತು, ಹಾಸ್ಟೆಲ್ ಸಿಕ್ಕಿತು. ಬೀಳ್ಕೊಡುವಾಗ ಹೈಸ್ಕೂಲಿನ ಹೆಡ್ಮೇಷ್ಟ್ರು, "ನಮ್ಮ ಸ್ಕೂಲಿನ ಹೆಸರು ಉಳಿಸಮ್ಮ" ಎಂದಿದ್ದರು. ಉಳಿಸಬೇಕಾದ ಆ ಹೆಸರು ಕಾಲೇಜಿನ ಗುಮಾಸ್ತನಿಗೆ ಮೂರು ಸಲ ಹೇಳಿದರೂ ಗೊತ್ತಾಗಲಿಲ್ಲ. ನಾಲ್ಕನೆಯ ಸಲ ಅವನು ಅದನ್ನು ತಪ್ಪಾಗಿ ಬರೆದುಕೊಂಡ.

ಮೊದಲ ದಿನ ಜೀವಶಾಸ್ತ್ರದ ಮೇಡಂ ಕ್ಲಾಸಿಗೆ ಬಂದರು. ಸಣಕಲು ಹೆಂಗಸು, ಬೆರಳ ತುಂಬ ಸೀಮೆಸುಣ್ಣ, ದನಿ ಮಾತ್ರ ಕೊನೆಯ ಬೆಂಚಿಗೂ ಮುಟ್ಟುವಂಥದ್ದು.

"ನಿಮ್ಮ ನಿಮ್ಮ ಸ್ಕೂಲಲ್ಲಿ ಫಸ್ಟ್ ಬಂದವರು ಯಾರ್ಯಾರು? ಕೈ ಎತ್ತಿ ನೋಡೋಣ."

ಫಸ್ಟು ಸಂಕೋಚದಿಂದಲೇ ಕೈ ಎತ್ತಿದಳು. ತಾನೊಬ್ಬಳೇ ಎತ್ತಿದರೆ ಜಂಬ ಎಂದುಕೊಂಡಾರು ಎಂಬ ಸೌಜನ್ಯ ಅವಳದ್ದು. ತಿರುಗಿ ನೋಡಿದರೆ ನೂರಿಪ್ಪತ್ತು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಕೈಗಳು ಮೇಲಿದ್ದವು. ಉಳಿದವರಲ್ಲಿ ಹೆಚ್ಚಿನವರು ಎರಡನೆಯ ಸ್ಥಾನದವರಂತೆ, ಅವರನ್ನು ಹಿಂದೆ ಹಾಕಿದವರು ಪಕ್ಕದಲ್ಲೇ ಕೂತಿದ್ದರು.

"ಸರಿ, ಇಳಿಸಿ. ಇನ್ನು ಮೇಲೆ ಆ ಕೈಗೆ ಬೇರೆ ಕೆಲಸ ಇದೆ" ಎಂದು ಮೇಡಂ ಪಾಠ ಶುರುಮಾಡಿದರು.

ಪಾಠ ಎಂದರೆ ಮಾತು. ಐವತ್ತು ನಿಮಿಷ ಒಂದೇ ಸಮನೆ ಮಾತು, ನಡುವೆ ಹಲಗೆಯ ಮೇಲೆ ಎರಡು ಗೀಟು. ಫಸ್ಟು ಪೆನ್ನಿನ ಮುಚ್ಚಳ ತೆಗೆದು ಕಾದಳು. ಮಾತು ಮುಗಿದ ಮೇಲೆ ಬರೆಸುತ್ತಾರೆ ಎಂದು ಮೊದಲ ದಿನ ಕಾದಳು, ಮೊದಲ ವಾರ ಕಾದಳು. ಎರಡನೆಯ ವಾರ ತಾಳಲಾರದೆ ಎದ್ದು ನಿಂತು ಕೇಳಿದಳು.

"ಮೇಡಂ, ನೋಟ್ಸು ಯಾವಾಗ ಬರೆಸ್ತೀರಿ?"

"ನೀವು ಯಾವಾಗ ಬರ್ಕೋತೀರೋ ಆಗ."

ಕ್ಲಾಸು ನಕ್ಕಿತು. ಇವಳಿಗೆ ನಗುವಿಗಿಂತ ಹೆಚ್ಚಾಗಿ ಕಿವಿಗೆ ಬಿದ್ದದ್ದು ಆ 'ನೀವು'. ಹೈಸ್ಕೂಲಿನಲ್ಲಿ ಎಲ್ಲರೂ ನೀನು, ಬಾರೇ, ಹೋಗೇ. ಇಲ್ಲಿ ಗುಮಾಸ್ತನೂ ನೀವು, ಮೇಡಂ ಕೂಡ ನೀವು. ದೊಡ್ಡವಳಾದೆ, ಮರ್ಯಾದೆ ಸಿಗುತ್ತಿದೆ ಎಂದು ಬೀಗಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಅದರ ಅರ್ಥ ತಿಳಿಯಿತು. ನೀವು ಬಂದರೂ ಸರಿ, ಬಾರದಿದ್ದರೂ ಸರಿ, ನೀವು ಓದಿದರೂ ಸರಿ, ಹಾಳಾದರೂ ಸರಿ. ಇಷ್ಟೊಂದು ಮರ್ಯಾದೆ ಕೊಟ್ಟ ಮೇಲೆ ಕಿವಿ ಹಿಂಡುವುದಕ್ಕೆ ಯಾರಿಗೂ ಅಧಿಕಾರ ಉಳಿಯುವುದಿಲ್ಲ.

ಹಾಸ್ಟೆಲಿನ ಕೋಣೆ ನೆಲಮಹಡಿಯಲ್ಲಿತ್ತು. ಎರಡು ಕಬ್ಬಿಣದ ಮಂಚ, ಒಂದು ಮೇಜು, ಎಷ್ಟು ತಿರುಗಿಸಿದರೂ ಪೂರ್ತಿ ನಿಲ್ಲದ ಒಂದು ನಲ್ಲಿ. ಜೊತೆಗಾತಿ ಅವಳಿಗಿಂತ ಒಂದು ವರ್ಷ ದೊಡ್ಡವಳು. ಮೊದಲ ವರ್ಷದ ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಅದೇ ತರಗತಿಗೆ ಕೂತಿದ್ದಳು. ಪೆಟ್ಟಿಗೆ ಇಳಿಸುತ್ತಿದ್ದ ಇವಳಿಗೆ ತನ್ನ ಪರಿಚಯವನ್ನು ತಾನೇ ಹೇಳಿಕೊಂಡಿದ್ದಳು.

"ನನ್ನನ್ನ ಎಲ್ಲರೂ ರಿಪೀಟು ಅಂತಾರೆ. ಇದೇ ಕೋಣೆ, ಇದೇ ಕ್ಲಾಸು, ಇದೇ ಪುಸ್ತಕ, ಎರಡನೇ ಸಲ. ಏನು ಬೇಕಾದ್ರೂ ಕೇಳು, ಹೇಳಿಕೊಡ್ತೀನಿ. ಫೇಲ್ ಆಗೋದು ಹೇಗೆ ಅನ್ನೋದೊಂದು ಬಿಟ್ಟು. ಅದು ತಾನಾಗೇ ಬರುತ್ತೆ."

"ಆಯ್ತಕ್ಕ" ಎಂದಳು ಫಸ್ಟು.

"ಅಕ್ಕ ಅನ್ಬೇಡ. ಹಾಜರಿ ಕೂಗುವಾಗ ನಿನ್ನ ಹಿಂದೇನೇ ನನ್ನ ನಂಬರು."

ಅಂದೇ ಫಸ್ಟು ತನ್ನ ಪುಸ್ತಕಗಳನ್ನು ಮೇಜಿನ ಆ ತುದಿಗೆ ಸರಿಸಿಟ್ಟಳು. ಫೇಲಾಗುವುದು ಕಣ್ಣುಬೇನೆಯಂತೆ ಅಂಟುತ್ತದೆಂದು ಅವಳೇನೂ ನಂಬಿರಲಿಲ್ಲ. ಆದರೂ ಎಚ್ಚರಿಕೆ ಒಳ್ಳೆಯದಲ್ಲವೇ.

ಮೊದಲ ಟೆಸ್ಟಿಗೆ ಇಡೀ ಅಧ್ಯಾಯವನ್ನೇ ಬಾಯಿಪಾಠ ಮಾಡಿದಳು. ಪುಟ ಎಪ್ಪತ್ತೊಂದರಿಂದ ತೊಂಬತ್ನಾಲ್ಕು, ಚಿತ್ರದ ಕೆಳಗಿನ ಸಣ್ಣ ಅಕ್ಷರವೂ ಸೇರಿ. ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲ ಪ್ರಶ್ನೆ ಹೀಗಿತ್ತು: ಒಬ್ಬ ಮನುಷ್ಯ ಬೆಟ್ಟ ಹತ್ತುತ್ತಿದ್ದಾನೆ. ಅರ್ಧ ದಾರಿಯಲ್ಲಿ ಅವನ ಉಸಿರಾಟ ಜೋರಾಗುತ್ತದೆ. ಏಕೆ?

ಫಸ್ಟು ಮನಸ್ಸಿನಲ್ಲೇ ಎಪ್ಪತ್ತೊಂದರಿಂದ ತೊಂಬತ್ನಾಲ್ಕರವರೆಗೆ ಪುಟ ಮಗುಚಿದಳು. ಎಲ್ಲೂ ಬೆಟ್ಟವಿರಲಿಲ್ಲ. ಮನುಷ್ಯನೂ ಇರಲಿಲ್ಲ. ಪಾಠದಾಚೆಯಿಂದ ಕೇಳಿದ್ದಾರೆ ಎಂದು ಒಳಗೇ ಕುದಿದಳು, ಆದರೂ ಖಾಲಿ ಬಿಡುವ ಜಾಯಮಾನ ಅವಳದಲ್ಲ. ಉಸಿರಾಟದ ವ್ಯಾಖ್ಯೆ ಬರೆದಳು, ಶ್ವಾಸಕೋಶದ ರಚನೆ ಬರೆದಳು, ಪಕ್ಕೆಲುಬುಗಳ ಪ್ರಸ್ತಾಪ ಬಂದದ್ದರಿಂದ ದೇಹದ ಒಟ್ಟು ಮೂಳೆಗಳ ಸಂಖ್ಯೆಯನ್ನೂ ಉದಾರವಾಗಿ ಸೇರಿಸಿದಳು. ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬಿಡಿಸಿ ಹನ್ನೊಂದು ಭಾಗಗಳನ್ನು ಗುರುತಿಸಿದಳು. ಉಳಿದ ನಾಲ್ಕು ಪ್ರಶ್ನೆಗಳಿಗೂ ಇದೇ ರಾಜೋಪಚಾರ. ಮೂರು ಸಲ ಎದ್ದು ಹೆಚ್ಚುವರಿ ಹಾಳೆ ಕೇಳಿದಳು. ಪಕ್ಕದಲ್ಲಿ ಕೂತಿದ್ದ ರಿಪೀಟು ಒಂದೂ ಕೇಳಲಿಲ್ಲ. ಪಾಪ ಅನ್ನಿಸಿತು.

ವಾರದ ಮೇಲೆ ಪೇಪರು ಬಂತು. ಐವತ್ತಕ್ಕೆ ಏಳು. ಮೊದಲ ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: "ಚಿತ್ರ ಚೆನ್ನಾಗಿದೆ. ಮನುಷ್ಯ ಇನ್ನೂ ಬೆಟ್ಟದ ಕೆಳಗೇ ನಿಂತಿದ್ದಾನೆ."

ಫಸ್ಟು ಪುಸ್ತಕ ಎತ್ತಿಕೊಂಡು ಸೀದಾ ಮೇಡಂ ಕೋಣೆಗೆ ಹೋದಳು. ಕೂಡುವಾಗ ಎಲ್ಲೋ ತಪ್ಪಾಗಿರಬೇಕು, ಅಷ್ಟೆ.

"ಮೇಡಂ, ಎಂಬತ್ಮೂರನೇ ಪುಟದಲ್ಲಿ ಇರೋದನ್ನೇ ಬರೆದಿದ್ದೀನಿ. ಒಂದು ಪದಾನೂ ಬಿಟ್ಟಿಲ್ಲ."

ಮೇಡಂ ಪುಟ ನೋಡಿದರು, ಪೇಪರು ನೋಡಿದರು. "ನಿಜ. ಒಂದು ಪದಾನೂ ಬಿಟ್ಟಿಲ್ಲ. ಇದು ಪುಸ್ತಕಕ್ಕೆ ಗೊತ್ತಿದೆ ಅಂತ ನನಗೂ ಗೊತ್ತು. ನಿಮಗೇನು ಗೊತ್ತು?"

ಫಸ್ಟು ಮತ್ತೊಮ್ಮೆ ಆ ಪುಟದ ಮೇಲೆ ಕಣ್ಣಾಡಿಸಿದಳು.

"ಮತ್ತೆ ಇದೊಂದು ಪುಸ್ತಕದಲ್ಲೂ ಇಲ್ಲ. ಇನ್ನೂರ ಅರವತ್ತು ಮೂಳೆ. ನನಗಿರೋದು ಇನ್ನೂರ ಆರೇ. ಉಳಿದ ಐವತ್ನಾಲ್ಕು ಎಲ್ಲಿಟ್ಕೊಂಡಿದ್ದೀರಿ?"

ಫಸ್ಟು ಪೇಪರು ಮಡಚಿಕೊಂಡು ಹೊರಗೆ ಬಂದಳು. ನಡೆಯುವಾಗ ಕಾಲಿನ ಮೂಳೆಗಳೆಲ್ಲ ಅನುಮಾನಾಸ್ಪದವಾಗಿ ಕಂಡವು.

ಸಂಜೆ ಅಪ್ಪನ ಫೋನು. "ಟೆಸ್ಟು ಹೇಗಾಯ್ತು ಮಗಳೇ?"

"ಚೆನ್ನಾಗಾಯ್ತಪ್ಪ."

ಇದನ್ನು ಸುಳ್ಳು ಎನ್ನುವಂತಿಲ್ಲ. ಟೆಸ್ಟು ಚೆನ್ನಾಗಿಯೇ ಆಗಿತ್ತು. ಪೇಪರು ಹಂಚಿದ್ದರು, ಗಂಟೆ ಹೊಡೆದಿದ್ದರು, ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಆ ಒಂದು ಪದ ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ 'ಕಾಲೇಜಿಗೂ ಅವಳೇ ಮೊದಲು' ಎಂದಾಗಿ, ಮಧ್ಯಾಹ್ನದೊಳಗೆ ಆರೇಳು ಗಿರಾಕಿಗಳ ಹೂಂಕಾರವನ್ನೂ ಪಡೆದಿತ್ತು.

ಆ ಶನಿವಾರ ಅವಳು ಊರಿಗೆ ಹೋದಳು. ಬಸ್ಸು ಇಳಿದರೆ ಎದುರಿಗೇ ಅಂಗಡಿ, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕುರ್ಚಿಯಲ್ಲಿ ಹೆಡ್ಮೇಷ್ಟ್ರು ಕೂತಿದ್ದರು. ಕುತ್ತಿಗೆಯವರೆಗೆ ಬಿಳಿ ಬಟ್ಟೆ, ಅದರ ಮೇಲೆ ಕಣ್ಣಿನವರೆಗೆ ಸೋಪಿನ ನೊರೆ.

"ನೋಡಿ ಸರ್, ಹೆಸರು ಹೇಳೋಷ್ಟರಲ್ಲಿ ಬಂದ್ಲು" ಎಂದ ಅಪ್ಪ. "ನೀವೇ ಕೇಳಿ ಸರ್."

ನೊರೆಯೊಳಗಿನಿಂದ ಹೆಡ್ಮೇಷ್ಟ್ರು ಕೇಳಿದರು. "ಎಷ್ಟು ಬಂತಮ್ಮ?"

ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಫಸ್ಟು ಉಗುಳಿದಳು. "ಏಳು ಸರ್."

"ಏಳನೇ ಸ್ಥಾನಾನಾ? ಪರವಾಗಿಲ್ಲ, ದೊಡ್ಡ ಕಾಲೇಜು."

"ಸ್ಥಾನ ಅಲ್ಲ ಸರ್. ಅಂಕ. ಐವತ್ತಕ್ಕೆ."

ಅಪ್ಪನ ಕತ್ತಿ ಹೆಡ್ಮೇಷ್ಟ್ರ ಗಂಟಲ ಗಂಟಿನ ಮೇಲೆ ನಿಂತಿತು. ಅವರು ಉಗುಳು ನುಂಗುವುದನ್ನೂ ಮುಂದೂಡಿದರು. ಕೊನೆಗೆ ಕತ್ತಿ ಸರಿದ ಮೇಲೆ ಮಾತು ಬಂತು.

"ಅಲ್ಲಿಯವರಿಗೆ ಪೇಪರ್ ತಿದ್ದೋಕೆ ಬರಲ್ಲ ಬಿಡು. ನಮ್ಮ ಸ್ಕೂಲಲ್ಲಿ ನಿನಗೆ ಯಾವತ್ತಾದ್ರೂ ತೊಂಬತ್ತಕ್ಕಿಂತ ಕಡಿಮೆ ಕೊಟ್ಟಿದ್ವಾ?"

"ಇಲ್ಲ ಸರ್. ಮನುಷ್ಯನಿಗೆ ಎಷ್ಟು ಮೂಳೆ ಸರ್?"

"ಇನ್ನೂರ ಅರವತ್ತು" ಎಂದರು ಹೆಡ್ಮೇಷ್ಟ್ರು, ಒಂದು ಕ್ಷಣವೂ ತಡವರಿಸದೆ.

ಅವರು ಮುಖ ಒರೆಸಿಕೊಂಡು ಹೋದ ಮೇಲೆ ಅಪ್ಪ ಕತ್ತಿ ತೊಳೆದ. ಒಮ್ಮೆ ತೊಳೆದದ್ದನ್ನೇ ಮತ್ತೊಮ್ಮೆ ತೊಳೆದ. ಬೈಯುತ್ತಾನೆ ಎಂದು ಅವಳು ಪತ್ರಿಕೆಗಳ ರಾಶಿಯ ಪಕ್ಕ ನಿಂತೇ ಇದ್ದಳು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಊರಿಗೆಲ್ಲ ಹೇಳ್ತೀಯಲ್ಲಪ್ಪ."

"ಹೇಳ್ತೀನಿ. ಇನ್ನೇನು ಮಾಡ್ಲಿ? ಕೂತವರ ಹತ್ರ ಏನಾದ್ರೂ ಮಾತಾಡ್ಬೇಕು. ಆಚೆ ಅಂಗಡಿಯವನು ರಾಜಕೀಯ ಮಾತಾಡ್ತಾನೆ, ನನಗೆ ಅದು ಬರಲ್ಲ. ನನಗಿದ್ದದ್ದು ಇದೊಂದೇ ಮಾತು." ಕತ್ತಿ ಒರೆಸಿಟ್ಟು ಸೇರಿಸಿದ. "ಇನ್ನು ಮೇಲೆ ಬಿಸಿಲು ಜಾಸ್ತಿ ಅಂತ ಹೇಳ್ತೀನಿ. ಅದಕ್ಕೂ ಹೂಂ ಅಂತಾರೆ."

ಅವನು ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿದ್ದಂತೆ ಕಾಣಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಯಲ್ಲಿ ಅಮ್ಮ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ವಿಷಯ ಕೇಳಿ, "ಏಳಾ? ಸರಿ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯ ತಾನೇ?" ಎಂದಳು.

"ಅಮ್ಮ, ಏಳು ಅಂದ್ರೆ ಫೇಲು."

"ಗೊತ್ತು ಕಣೇ. ನಿಮ್ಮಪ್ಪ ಏಳನೇ ಕ್ಲಾಸಿಗೇ ಬಿಟ್ಟವರು. ನೀನು ಅಷ್ಟು ದೂರ ಹೋಗಿ ಅದೇ ಏಳು ತಂದಿದ್ದೀಯ. ಅಲ್ಲಿ ಗೊತ್ತಿರೋರು ಯಾರಾದ್ರೂ ಇದ್ರೆ ಕೇಳಿಕೋ. ಬಾಯಿ ಇದೆ ತಾನೇ?"

ಬಾಯಿ ಇತ್ತು. ಒಪ್ಪಿಸಲು ಬಳಸಿ ಗೊತ್ತಿತ್ತು, ಕೇಳಲು ಬಳಸಿ ಗೊತ್ತಿರಲಿಲ್ಲ. ಭಾನುವಾರ ಸಂಜೆ ಹಾಸ್ಟೆಲಿಗೆ ಬಂದವಳು ಚೀಲ ಇಳಿಸುವ ಮೊದಲೇ ರಿಪೀಟಿನ ಮುಂದೆ ನಿಂತಳು.

"ನಿನಗೆ ಎಷ್ಟು ಬಂತು?"

"ಇಪ್ಪತ್ತೆಂಟು."

ಫಸ್ಟು ಮಂಚದ ಮೇಲೆ ಕೂತಳು. "ನೀನು ಫೇಲಾದವಳಲ್ವಾ?"

"ಫೇಲಾದವಳಿಗೆ ಪಾಠ ತಿಳಿದಿರಬಾರದು ಅಂತೇನಾದ್ರೂ ಇದೆಯಾ?" ರಿಪೀಟು ನಕ್ಕಳು. "ನನಗೆ ಬರೆಯೋಕೆ ಬರಲ್ಲ. ಎರಡು ಸಾಲಲ್ಲಿ ಮುಗಿದುಹೋಗುತ್ತೆ. ಹೋದ ವರ್ಷ ಮೂರು ಗಂಟೆ ಪರೀಕ್ಷೇಲಿ ಮುಕ್ಕಾಲು ಗಂಟೆಗೆ ಎದ್ದು ಬಂದೆ. ಇರೋದನ್ನ ಎಷ್ಟು ಸಲ ಅಂತ ಹೇಳೋದು? ಮೇಡಂ ಒಬ್ರು ಒಪ್ತಾರೆ. ದೊಡ್ಡ ಪರೀಕ್ಷೆ ತಿದ್ದೋರು ಒಪ್ಪಲ್ಲ, ಅವರಿಗೆ ಪುಟ ತುಂಬಬೇಕು."

"ಆ ಬೆಟ್ಟದ ಪ್ರಶ್ನೆ... ಅದನ್ನ ಹೇಳಿಕೊಡ್ತೀಯಾ?"

ರಿಪೀಟು ಪುಸ್ತಕ ತೆರೆಯಲಿಲ್ಲ. ಕೈಗಡಿಯಾರ ಬಿಚ್ಚಿ ಹಿಡಿದು, "ಸುಮ್ನೆ ಕೂತು ಉಸಿರಾಡು" ಎಂದಳು. ನಿಮಿಷಕ್ಕೆ ಹದಿನಾರು. ಆಮೇಲೆ ಫಸ್ಟಿನ ಕೈ ಹಿಡಿದೆಳೆದುಕೊಂಡು ಹೊರಗೆ ಬಂದು, ನಾಲ್ಕನೆಯ ಮಹಡಿಯವರೆಗೆ ಮೆಟ್ಟಿಲು ಓಡಿಸಿದಳು. ಮೇಲೆ ಮುಟ್ಟುವಷ್ಟರಲ್ಲಿ ಫಸ್ಟಿಗೆ ಏದುಸಿರು. ಕಂಬಿ ಹಿಡಿದು ಬಗ್ಗಿ ನಿಂತಳು.

"ಮೂವತ್ತೆಂಟು" ಎಂದಳು ರಿಪೀಟು, ತಾನೂ ಏದುತ್ತ. "ಜೋರಾಗಿ ಉಸಿರಾಡು ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ... ಇಲ್ಲ."

"ನೀನೇ ಹೇಳ್ಕೊಂಡ್ಯಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತಾಯ್ತು?"

ಫಸ್ಟು ಬಾಯಿ ತೆರೆದಳು. ಆಗ ಎಂಬತ್ತೆಂಟನೆಯ ಪುಟದ ಕೆಳಗಿನ ಸಾಲು ತಾನಾಗಿ ನಾಲಿಗೆಗೆ ಬಂತು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಹೆಚ್ಚಿದಾಗ ಮಿದುಳಿನ ಉಸಿರಾಟ ಕೇಂದ್ರವು ಪ್ರಚೋದನೆಗೊಳ್ಳುತ್ತದೆ. ಆ ಸಾಲನ್ನು ಅವಳು ನಲವತ್ತು ಸಲವಾದರೂ ಹೇಳಿಕೊಂಡಿದ್ದಳು. ಅದು ತನ್ನ ರಕ್ತದ ಬಗ್ಗೆ, ತನ್ನ ಮಿದುಳಿನ ಬಗ್ಗೆ ಎಂದು ಒಂದು ಸಲವೂ ಹೊಳೆದಿರಲಿಲ್ಲ.

"ಕಾಲು ಓಡಿದ್ದಕ್ಕೆ ಕೆಟ್ಟ ಗಾಳಿ ಜಾಸ್ತಿ ಆಯ್ತು" ಎಂದಳು ನಿಧಾನವಾಗಿ. "ಅದು ರಕ್ತಕ್ಕೆ ಬಂತು. ತಲೆಗೆ ಗೊತ್ತಾಯ್ತು. ನನ್ನನ್ನ ಕೇಳದೇನೇ ಎದೆಗೆ ಹೇಳ್ತು."

"ಇಷ್ಟೇ. ಎರಡು ಸಾಲು."

ಅಷ್ಟರಲ್ಲಿ ಸದ್ದು ಕೇಳಿ ವಾರ್ಡನ್ ಮೆಟ್ಟಿಲು ಹತ್ತಿ ಬಂದರು. ಅವರ ಉಸಿರು ನಲವತ್ತರ ಮೇಲಿದ್ದಂತಿತ್ತು. "ಏನ್ರೇ ಇದು?"

"ಬೆಟ್ಟ ಹತ್ತುತ್ತಿದ್ದೀವಿ ಮೇಡಂ" ಎಂದಳು ರಿಪೀಟು.

ವಾರ್ಡನ್ನರ ನಿಯಮಾವಳಿಯಲ್ಲಿ ಮೂವತ್ತೊಂದು ನಿಷೇಧಗಳಿದ್ದವು, ಇದೊಂದು ಬಿಟ್ಟುಹೋಗಿತ್ತು. ಮರುದಿನ ಫಲಕದಲ್ಲಿ ಮೂವತ್ತೆರಡನೆಯದು ಕಾಣಿಸಿಕೊಂಡಿತು: 'ಮೆಟ್ಟಿಲುಗಳ ಮೇಲೆ ಬೆಟ್ಟ ಹತ್ತತಕ್ಕದ್ದಲ್ಲ.' ಹೊಸದಾಗಿ ಬಂದವರು ಅದರ ಮುಂದೆ ನಿಂತು ಬಹಳ ಹೊತ್ತು ಯೋಚಿಸುತ್ತಿದ್ದರು.

ಇಷ್ಟಕ್ಕೆ ಫಸ್ಟಿಗೆ ಜ್ಞಾನೋದಯವಾಗಿ ಮುಂದಿನ ಟೆಸ್ಟಿನಲ್ಲಿ ಮತ್ತೆ ಮೊದಲಿಗಳಾದಳು ಎಂದರೆ ಕೇಳಲು ಇಂಪಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಎರಡನೆಯ ಟೆಸ್ಟಿನಲ್ಲಿ ಅವಳಿಗೆ ಇಪ್ಪತ್ಮೂರು ಬಂತು. ರಿಪೀಟಿಗೆ ಮೂವತ್ತೊಂದು. ಹೇಳಿಕೊಟ್ಟವಳಿಗೆ ತನಗಿಂತ ಎಂಟು ಹೆಚ್ಚು ಬಂದದ್ದು ಅನ್ಯಾಯವೆನ್ನಿಸಿ ಫಸ್ಟು ಎರಡು ದಿನ ಮುಖ ಊದಿಸಿಕೊಂಡಳು. ರಿಪೀಟು ಅದನ್ನು ಗಮನಿಸಿದಂತೆ ತೋರಿಸಿಕೊಳ್ಳದೆ ತನ್ನ ಬಟ್ಟೆಯ ಜೊತೆ ಅವಳ ಬಟ್ಟೆಯನ್ನೂ ಒಗೆದು ಹಾಕಿದಳು. ಮೂರನೆಯ ದಿನ ಫಸ್ಟೇ ಸೋತು, ರಿಪೀಟಿನ ಪೇಪರನ್ನು ಮೇಜಿನ ಮೇಲೆ ಹರಡಿಕೊಂಡಳು.

"ಇಲ್ಲಿ ನೋಡು. 'ತಲೆಗೆ ಗೊತ್ತಾಗುತ್ತೆ' ಅಂತ ಬರೆದು ಬಿಟ್ಟಿದ್ದೀಯ. ಯಾವ ಭಾಗಕ್ಕೆ, ಏನು ಗೊತ್ತಾಗುತ್ತೆ, ಆಮೇಲೆ ಏನಾಗುತ್ತೆ? ಓದೋನಿಗೆ ನೀನು ಗೊತ್ತಿಲ್ಲ ಕಣೇ. ಏನೂ ಗೊತ್ತಿಲ್ಲದವನಿಗೆ ಹೇಳ್ತಿದ್ದೀನಿ ಅಂದ್ಕೋ."

"ನಿನಗೆ ಹೇಳೋ ಥರಾನಾ?"

"ಹೂಂ, ನನಗೆ ಹೇಳೋ ಥರ" ಎಂದಳು ಫಸ್ಟು. ಹೇಳಿದ ಮೇಲೆ ಅದು ತನಗೇ ಚುಚ್ಚಿತು, ನಗುವೂ ಬಂತು.

ವರ್ಷವಿಡೀ ಹೀಗೇ ನಡೆಯಿತು. ಒಬ್ಬಳು ಏಕೆ ಏಕೆ ಎಂದು ಪ್ರಾಣ ತಿನ್ನುವುದು, ಇನ್ನೊಬ್ಬಳು ಬರಿ ಬರಿ ಎಂದು ಪ್ರಾಣ ತಿನ್ನುವುದು. ಕೆಲವು ವಾರ ಮಾತೇ ಇರುತ್ತಿರಲಿಲ್ಲ. ಗಣಿತದಲ್ಲಿ ಇಬ್ಬರಿಗೂ ಏನೂ ತಿಳಿಯದೆ, ಅದೊಂದರಲ್ಲಿ ಮಾತ್ರ ಪೂರ್ತಿ ಸಮಾನತೆ ಇತ್ತು.

ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಮುಂದೆ ಜಾತ್ರೆ. ರಿಪೀಟು ಹತ್ತಿರ ಹೋಗಲಿಲ್ಲ. ಮೆಟ್ಟಿಲ ಬಳಿ ನಿಂತು, "ನೀನೇ ನೋಡ್ಕೊಂಡು ಬಾ. ನನಗೆ ಆ ಬೋರ್ಡಿನ ಪರಿಚಯ ಚೆನ್ನಾಗಿದೆ" ಎಂದಳು. ಫಸ್ಟು ಭುಜ ತೂರಿಸಿಕೊಂಡು ಒಳಗೆ ನುಗ್ಗಿದಳು. ಫೇಲಾದವರ ಹಾಳೆಯಲ್ಲಿ ರಿಪೀಟಿನ ನಂಬರು ಇರಲಿಲ್ಲ. ನಂಬಿಕೆ ಬಾರದೆ ಪಾಸಾದವರ ಹಾಳೆಯಲ್ಲಿ ಹುಡುಕಿದಳು. ಇತ್ತು. ಬೆರಳಿಟ್ಟು ಒಂದೊಂದೇ ಅಂಕೆ ಓದಿ ಖಚಿತಪಡಿಸಿಕೊಂಡು ಓಡಿ ಬಂದಳು.

"ಪಾಸು."

"ಸರಿಯಾಗಿ ನೋಡಿದ್ಯಾ?"

"ಎರಡು ಸಲ ನೋಡಿದೆ."

ರಿಪೀಟು ಏನಾದರೂ ಕುಹಕ ಆಡುತ್ತಾಳೆಂದು ಫಸ್ಟು ಕಾದಳು. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು, ಮಂಡಿಯಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ಭುಜ ಕುಲುಕುವಂಥ ಅಳು. ವರ್ಷವಿಡೀ ಎಲ್ಲರಿಗಿಂತ ಮೊದಲು ತಾನೇ ತನ್ನನ್ನು ಗೇಲಿ ಮಾಡಿಕೊಂಡು ತಿರುಗಿದವಳು ಇವಳೇನಾ ಎನ್ನಿಸಿತು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಫಸ್ಟಿಗೆ ಯಾರೂ ಬರೆಸಿರಲಿಲ್ಲ. ಅವಳು ಪಕ್ಕದಲ್ಲಿ ಕೂತು, ರಿಪೀಟಿನ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹತ್ತಿ ಇಳಿಯುವವರೆಲ್ಲ ಇಬ್ಬರೂ ಫೇಲಾಗಿರಬೇಕೆಂದು ಮರುಕದಿಂದ ದಾರಿ ಬಿಟ್ಟು ನಡೆದರು.

ಸ್ವಲ್ಪ ಹೊತ್ತಿನ ಮೇಲೆ ರಿಪೀಟು ಮೂಗು ಒರೆಸಿಕೊಂಡಳು. "ನಿಂದು ಎಷ್ಟನೇದು?"

ಫಸ್ಟು ಅವಳನ್ನೇ ನೋಡಿದಳು. "ನೋಡೋಕೆ ಮರೆತೇಹೋಯ್ತು."

"ಹೋಗಿ ನೋಡು ಮತ್ತೆ."

"ಜನ ಕರಗಲಿ ಬಿಡು" ಎಂದಳು ಫಸ್ಟು. "ಎಲ್ಲಿಗೆ ಹೋಗುತ್ತೆ ಅದು."

ಅರ್ಧ ಗಂಟೆಯ ಮೇಲೆ ಇಬ್ಬರೂ ಎದ್ದು ಹೋಗಿ ನೋಡಿದರು. ಮೇಲಿನಿಂದ ಎಣಿಸಿದರೆ ಫಸ್ಟು ನಲವತ್ತೊಂದನೆಯವಳು.